ಹನ್ನೊಂದು ದಿನ ಬಾಳಿದವನ ಹೆಸರು

ಹುಲ್ಲಿನ ಹಾಸಿನ ಮೇಲೆ ಮಲಗಿದ ಕಂದನನ್ನು ಕೈಮುಗಿದು ನೋಡುತ್ತ ನಿಂತ ಇಗ್ವೇಯ್ ಕ್ಷೇತ್ರದ ತಾಯೇ, ಆಲ್ತಾಗ್ರಾಸಿಯಾ ಮಾತೆಯೇ, ನಿನಗೆ ಶರಣು. ಲೋಕದ ಶಿಶುಗಳೆಲ್ಲರ ಹೆಸರು ಬಲ್ಲವಳು ನೀನು. ಬರೆಯದೆ ಉಳಿದ ಹೆಸರನ್ನೂ ಬರೆದು ಅಳಿಸಿದ ಹೆಸರನ್ನೂ ಬಲ್ಲವಳು. ನನ್ನ ಲೇಖನಿಯಲ್ಲಿ ಸುಳ್ಳು ಕುಳಿತ ದಿನ ನೀನು ಸುಮ್ಮನಿದ್ದೆ. ಇಂದು ನಾಲಗೆಯ ಮೇಲೆ ಸತ್ಯ ಕುಳಿತುಕೊಳ್ಳಬೇಕಾಗಿದೆ, ಜಾರದಂತೆ ಹಿಡಿದುಕೋ. ಕತೆ ನನ್ನದು, ನಾಚಿಕೆಯೂ ನನ್ನದು. ಮಾತು ಮಾತ್ರ ನಿನ್ನದಾಗಲಿ.

ನಾನು ಮಂಡಿಯೂರಿದ್ದೆ.

ಪ್ರಾರ್ಥನೆಗಲ್ಲ! ಹೆಡತಲೆಗೆ ಪಿಸ್ತೂಲಿನ ಮೂತಿ ತಾಗಿತ್ತು.

"ಕೈ ಕಾಣಿಸ್ಲಿ, ಪಾದ್ರಿ."

ಒಂದು ಕೈ ಎತ್ತಿದೆ.

"ಎರಡೂ!"

"ಇನ್ನೊಂದು ನೆಲಕ್ಕೆ ಊರಿದೀನಿ. ಎತ್ತಿದ್ರೆ ಬೀಳ್ತೀನಿ."

"ಬೀಳು. ಸರಿಯಾದ ಜಾಗಕ್ಕೇ ಬಂದಿದೀಯ."

ಜಾಗ ಸ್ಮಶಾನ. ಸಾನ್ ಪೆದ್ರೊ ಪಟ್ಟಣದಿಂದ ಅರ್ಧ ಗಂಟೆಯ ದಾರಿ. ಸುತ್ತ ಕಬ್ಬು, ನಡುವೆ ಕಬ್ಬು ಕಡಿಯುವವರ ಕೇರಿ, ಕೇರಿಯ ಹಿಂದೆ ಈ ಮಣ್ಣುದಿಬ್ಬಗಳು. ಹೊತ್ತು ಬೆಳಗಿನ ಹತ್ತು ಗಂಟೆ. ನನ್ನ ಮೂಗಿನ ಮುಂದೆ ಮೊಳದುದ್ದದ ಒಂದು ಮರದ ಶಿಲುಬೆ. ಸುಣ್ಣ ಬಳಿದು, ಅದರ ಮೇಲೆ ನೀಲಿ ಬಣ್ಣದಲ್ಲಿ ಎರಡು ಸಾಲು ಬರೆದಿದ್ದರು.

ಸಿಲ್ವೆರಿಯೊ ಬತಿಸ್ತಾ.

ಹನ್ನೊಂದು ದಿನ.

ಹೆಡತಲೆಯ ಕಬ್ಬಿಣಕ್ಕಿಂತ ಆ ಎರಡು ಸಾಲುಗಳೇ ಹೆಚ್ಚು ತಣ್ಣಗಿದ್ದವು!

ನನ್ನ ಹೆಸರು ಎವರಿಸ್ತೊ. ಆ ಹೆಸರಿನಿಂದ ಯಾರೂ ನನ್ನನ್ನು ಕರೆಯುವುದಿಲ್ಲ. ನಾಲ್ಕು ವರ್ಷ ಗುರುಮಠದಲ್ಲಿ ಓದಿ, ದೀಕ್ಷೆಗೆ ಮೊದಲೇ ಹೊರಬಿದ್ದವನು. ಆದ್ದರಿಂದ ಊರಿಗೆಲ್ಲ 'ಪಾದ್ರಿ'. ಅಲ್ಲಿ ಕಲಿತ ಲ್ಯಾಟಿನ್ ಒಂದು ಕೆಲಸಕ್ಕೆ ಬಂತು. ಚರ್ಚಿನ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ಓದಬಲ್ಲೆ. ಉತ್ತರ ದೇಶದ ಬೇಸ್‌ಬಾಲ್ ತಂಡಗಳು ನಮ್ಮ ದ್ವೀಪದ ಹುಡುಗರನ್ನು ಆರಿಸಿಕೊಳ್ಳುವ ಮುನ್ನ ಅವರ ಹುಟ್ಟು ನಿಜವೇ ಎಂದು ತಿಳಿಯಬೇಕು. ಹದಿನಾರೆಂದು ಹೇಳಿಕೊಂಡು ಬರುವ ಹತ್ತೊಂಬತ್ತರವರನ್ನು ಹಿಡಿಯಬೇಕು. ಅದಕ್ಕೆಂದೇ ತಂಡಗಳದೊಂದು ತನಿಖಾ ಕಚೇರಿಯಿದೆ; ಅದರ ಪರವಾಗಿ ಹಿಡಿಯುವವನು ನಾನು.

ಪಿಸ್ತೂಲು ಹಿಡಿದವನು ರಾದಾಮೆಸ್. ಕೇರಿಗಳಿಂದ ಹುಡುಗರನ್ನು ಆರಿಸಿ ತಂದು, ಉಣ್ಣಿಸಿ, ಚೆಂಡೆಸೆಯಲು ಕಲಿಸಿ, ಹದಿನಾರು ತುಂಬುತ್ತಲೇ ತಂಡಗಳ ಮುಂದೆ ನಿಲ್ಲಿಸುವವನು. ಅವನ ಹಿಂದೆ ಎರಡು ಮೋಟಾರ್ ಸೈಕಲ್, ಎರಡು ಆಳು.

"ಸಹಿ ಹಾಕು," ಎಂದು ನನ್ನ ಭುಜದ ಮೇಲಿಂದ ಒಂದು ಕಾಗದ ಚಾಚಿದ.

ಓದಿದೆ. ಎಸೆತಗಾರನ ಹೆಸರು ಹೊಸೆಲೀನ್ ಆಲ್ಕಾಂತಾರಾ, ವಯಸ್ಸು ಹದಿನಾರು, ತನಿಖೆ ಮುಗಿದಿದೆ.

"ಹೊಸೆಲೀನ್ ಎಲ್ಲಿ, ರಾದಾಮೆಸ್? ಸತ್ತ ಅಂತ ಸುದ್ದಿ ಬಂತು. ನಿನ್ನ ಹುಡುಗನಲ್ವಾ, ಇಲ್ಲೇ ಹೂತಿರ್ತೀಯ ಅಂತ ಅವನ ಗೋರಿ ಹುಡುಕ್ತಾ ಬಂದೆ."

"ಸಮುದ್ರದಲ್ಲಿ ಹುಡುಕು. ದೋಣಿ ಹತ್ತಿ ಪೋರ್ಟೊ ರಿಕೊಗೆ ಹೊರಟ. ದೋಣಿ ಮುಟ್ಲಿಲ್ಲ."

"ಮತ್ತೆ ಕಾಗದ?"

"ಕಾಗದಕ್ಕೆ ಈಜು ಬರ್ಬೇಕಾ?"

"ಈ ಹೆಸರಲ್ಲಿ ಚೆಂಡು ಎಸೆಯೋನು ಯಾರು?"

"ಗೊತ್ತಿದ್ದೂ ಕೇಳ್ತೀಯಲ್ಲ! ತೆಂಗು."

"ಅವನಿಗೆ ಸ್ವಂತ ಹೆಸರಿದೆ."

"ಇತ್ತು," ಎಂದ ರಾದಾಮೆಸ್. "ನೀನೇ ಸಾಯಿಸ್ದೆ."

ತೆಂಗು ಎಂದರೆ ಸಿಲ್ವೆರಿಯೊ ಬತಿಸ್ತಾ. ಶಿಲುಬೆಯಡಿ ಮಲಗಿದವನಲ್ಲ, ಬದುಕಿರುವವನು. ಆರೂವರೆ ಅಡಿ ಮೀರಿದ ಎತ್ತರ. ಕೈಬೆರಳುಗಳು ಬಾಳೆಗೊನೆಯಂತೆ ಉದ್ದ. ಹದಿನಾರಕ್ಕೇ ಗಂಟೆಗೆ ತೊಂಬತ್ತು ಮೈಲಿ ವೇಗದಲ್ಲಿ ಎಸೆಯುತ್ತಿದ್ದ! ಆದರೆ ಎತ್ತರದ ಹುಡುಗರಿಗೆಲ್ಲ ಇರುವ ಶಾಪ ಅವನಿಗೂ ಇತ್ತು. ಕೈ ಒಂದು ಊರಿಗೆ, ಕಾಲು ಇನ್ನೊಂದು ಊರಿಗೆ ಹೊರಡುತ್ತಿದ್ದವು. ಚೆಂಡು ಒಮ್ಮೆ ಗುರಿಗೆ, ಒಮ್ಮೆ ಹಿಂದಿನ ಬೇಲಿಗೆ. ಆಟದುದ್ದಕ್ಕೂ ಎಸೆಯುವ ಜಾತಿಯಲ್ಲ ಅವನದು. ಆಟ ಹೊತ್ತಿ ಉರಿಯುವಾಗ ಕೊನೆಗೆ ಕರೆತಂದು ಎಸೆತದ ದಿಬ್ಬದ ಮೇಲೆ ನಿಲ್ಲಿಸುವ ಜಾತಿ. ನಮ್ಮಲ್ಲಿ ಅಂಥವರನ್ನು 'ಬೆಂಕಿ ಆರಿಸುವವನು' ಎನ್ನುತ್ತೇವೆ. ಮೂರು ವರ್ಷ ಕಾದರೆ ಇವನು ಊರನ್ನೇ ಆರಿಸುತ್ತಾನೆ ಎಂದು ಕಾಂದೀದೊ ಬರೆದಿದ್ದ. ಕಾಂದೀದೊ ಉತ್ತರದ ಒಂದು ತಂಡಕ್ಕಾಗಿ ಹುಡುಗರನ್ನು ನೋಡಿ ಆರಿಸುವ ಮುದುಕ, ಸುಲಭಕ್ಕೆ ಹೊಗಳುವವನಲ್ಲ.

ಮೂರು ವರ್ಷ ಕಾಯಲು ವಯಸ್ಸು ಬೇಕು. ಆ ವಯಸ್ಸನ್ನು ಕಿತ್ತುಕೊಂಡವನು ನಾನು!

ಹದಿನಾರು ತಿಂಗಳ ಹಿಂದೆ ಸಾನ್ ಪೆದ್ರೊ ಆಸ್ಪತ್ರೆಯ ಹೆರಿಗೆ ಪುಸ್ತಕದಲ್ಲಿ ಅವನ ಹೆಸರು ಸಿಕ್ಕಿತು. ಅದೇ ತಂದೆ, ಅದೇ ತಾಯಿ. ವರ್ಷ ಮಾತ್ರ ಮೂರು ಹಿಂದಿನದು. ಹುಡುಗ ಹದಿನಾರಲ್ಲ, ಹತ್ತೊಂಬತ್ತು ಎಂದು ನನಗೆ ಖುಷಿಯಾಯಿತು. ಹೌದು, ಖುಷಿ! ಬೇಟೆಯವನ ಖುಷಿ.

ಆದರೆ ನಮ್ಮ ಕೆಲಸಕ್ಕೆ ಒಂದು ಕ್ರಮವಿದೆ. ಪುಸ್ತಕದಲ್ಲಿ ಕಂಡ ಮೇಲೆ ಸ್ಮಶಾನಕ್ಕೆ ಹೋಗಬೇಕು. ಕಬ್ಬಿನ ಕೇರಿಗಳಲ್ಲಿ ಹಾಲುಗೂಸು ಸತ್ತರೆ ಅದರ ಹೆಸರು ಮುಂದೆ ಹುಟ್ಟುವ ಕೂಸಿಗೆ ಬರುತ್ತದೆ. ಅಜ್ಜನ ಹೆಸರು, ಸಂತನ ಹೆಸರು... ಹನ್ನೊಂದು ದಿನ ಬಳಸಿ ಬಿಸಾಡುವಂಥದ್ದಲ್ಲ. ಸಾವನ್ನು ಯಾರೂ ಸರ್ಕಾರದ ಪುಸ್ತಕದಲ್ಲಿ ಬರೆಸುವುದಿಲ್ಲ. ಅದರ ದಾಖಲೆ ಈ ಪುಟ್ಟ ಶಿಲುಬೆಯೊಂದೇ. ಇದು ನನಗೆ ಗೊತ್ತಿತ್ತು. ಕಚೇರಿಯ ವಿದೇಶಿಯರಿಗೆ ಗೊತ್ತಿರಲಿಲ್ಲ, ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು.

ನಾನು ಸ್ಮಶಾನಕ್ಕೆ ಹೋಗಲಿಲ್ಲ.

ಕೇರಿಯ ಅಂಗಡಿಯಲ್ಲಿ ಕುಳಿತೆ. ಚಳಿಗಾಲದ ಪಂದ್ಯಮಾಲೆಯ ಕೊನೆಯ ಆಟ, ರೇಡಿಯೋ, ತಣ್ಣನೆಯ ಬಿಯರು. ಅಲ್ಲಿಯೇ, ತೊಡೆಯ ಮೇಲೆ ಕಾಗದವಿಟ್ಟು ಬರೆದೆ: "ಸ್ಮಶಾನವನ್ನು ಪರಿಶೀಲಿಸಲಾಯಿತು. ಆ ಹೆಸರಿನ ಶಿಶುವಿನ ಸಮಾಧಿ ಇಲ್ಲ."

ಸ್ಮಶಾನ ಆ ಅಂಗಡಿಯಿಂದ ಇನ್ನೂರು ಹೆಜ್ಜೆ.

ಕಚೇರಿ ಹುಡುಗನಿಗೆ ಒಂದೇ ಸಾಲು ಬರೆಯಿತು: ವಯಸ್ಸು ಹೊಂದುವುದಿಲ್ಲ. ಏಕೆಂದು ಬರೆಯಲಿಲ್ಲ. ಒಪ್ಪಂದ ರದ್ದಾಯಿತು. ಒಂದು ವರ್ಷ ಯಾವ ತಂಡವೂ ಮುಟ್ಟುವಂತಿಲ್ಲ. ಹೆಸರಿನ ಮುಂದೆ 'ಮೋಸಗಾರ' ಎಂಬ ಗುರುತು. ಆ ತಾಯಿಯನ್ನು ಒಂದು ಮಾತು ಕೇಳಿದವರಿಲ್ಲ. ನಾನಂತೂ ಇಲ್ಲ.

"ಶಿಲುಬೆ ಓದು, ರಾದಾಮೆಸ್," ಎಂದೆ.

ಓದಿದ. ಪಿಸ್ತೂಲು ಒಂದು ಬೆರಳಷ್ಟು ಕೆಳಗಿಳಿಯಿತು.

"ಇದು... ಅಣ್ಣನಾ?"

"ಅಣ್ಣ."

"ಹಂಗಾದ್ರೆ ಹುಡ್ಗ ಹೇಳಿದ ವಯಸ್ಸು ನಿಜ. ಆ ಹೆಂಗ್ಸು ಸುಳ್ಳಿ ಅಂತ ನಾನೂ ಬೈದಿದ್ದೆ, ಪಾದ್ರಿ! ಅವಳ ಮನೆ ಬಾಗ್ಲಲ್ಲೇ ನಿಂತು ಬೈದಿದ್ದೆ!"

"ಪಿಸ್ತೂಲು ಇಳಿಸು. ಕಚೇರಿಗೆ ಹೇಳೋಣ."

ಮತ್ತೆ ಕಬ್ಬಿಣ ತಾಗಿತು. ಈ ಸಲ ಗಟ್ಟಿಯಾಗಿ.

"ಕಚೇರಿಯೋರು ತಪ್ಪಾಯ್ತು ಅನ್ನೋದಕ್ಕೆ ಎರಡು ವರ್ಷ ತಗೋತಾರೆ. ಅಷ್ಟ್ರಲ್ಲಿ ಹುಡ್ಗ ಕಬ್ಬು ಕಡೀತಿರ್ತಾನೆ. ಹೊಸೆಲೀನ್ ಇವತ್ತೇ ತಯಾರು. ಹನ್ನೊಂದು ಗಂಟೆಗೆ ಕಾಂದೀದೊ ಮೈದಾನಕ್ಕೆ ಬರ್ತಾನೆ. ಸತ್ತೋನ ಹೆಸ್ರಲ್ಲಿ ಎಸೆದ್ರೇನು, ಬದುಕಿರೋನ ಹೆಸ್ರಲ್ಲಿ ಎಸೆದ್ರೇನು? ಚೆಂಡಿಗೆ ಹೆಸ್ರಿಲ್ಲ. ಸಹಿ!"

ತರ್ಕದಲ್ಲಿ ಲೋಪವಿರಲಿಲ್ಲ. ಅದೇ ಭಯಂಕರ.

ಸಿಕ್ಕಿಬಿದ್ದರೆ? ಮೊದಲ ಸಲಕ್ಕೆ ಒಂದು ವರ್ಷ. ಎರಡನೆಯ ಸಲಕ್ಕೆ ಬದುಕಿರುವ ತನಕ. ಸಿಕ್ಕಿಬೀಳದಿದ್ದರೂ ಹುಡುಗ ತನ್ನ ಹೆಸರಿಗೆ ಮರಳುವಂತಿಲ್ಲ. ಸತ್ಯ ಹೇಳಿದವನನ್ನು ಸುಳ್ಳುಗಾರನೆಂದು ಬರೆದೆ; ಈಗ ಅವನನ್ನು ಸುಳ್ಳುಗಾರನನ್ನಾಗಿಯೇ ಮಾಡಿಬಿಡುವ ಕಾಗದ ನನ್ನ ಮುಂದಿತ್ತು.

"ರಾದಾಮೆಸ್... ನಿನ್ನ ಕಾಲ ಕೆಳಗೆ ಯಾರಿದಾರೆ ಗೊತ್ತಾ?"

"ಯಾರು?"

"ಬ್ಯಾರನ್."

ಪ್ರತಿ ಸ್ಮಶಾನದಲ್ಲೂ ಮೊದಲು ಹೂತ ಗಂಡಸೇ ಅಲ್ಲಿನ ಒಡೆಯ, ಬ್ಯಾರನ್. ಅವನಿಗೆ ಮೇಣದ ಬತ್ತಿ ಹಚ್ಚಬೇಕು, ಕಪ್ಪು ಕಾಫಿ ಇಡಬೇಕು. ಬೂಟುಗಾಲಲ್ಲಿ ತುಳಿದವನ ಕಾಲು ಒಣಗುತ್ತದಂತೆ. ರಾದಾಮೆಸ್ ಕಾದ ಹೆಂಚಿನ ಮೇಲೆ ನಿಂತವನಂತೆ ಹಾರಿದ!

ಬ್ಯಾರನ್ ಮಲಗಿದ್ದುದು ಬಾಗಿಲ ಬಳಿ. ಸಮಾಧಿಗಳ ವಿಷಯದಲ್ಲಿ ಸುಳ್ಳು ಹೇಳುವ ಅಭ್ಯಾಸ ನನಗಿತ್ತಲ್ಲ... ಒಮ್ಮೆಯಾದರೂ ಅದು ಕೆಲಸಕ್ಕೆ ಬಂತು.

ಓಡಿದೆ.

ಢಂ! ಪಕ್ಕದ ಗೋರಿಯ ಹೂಜಿ ಚೂರಾಯಿತು. ಢಂ! ಅದು ಆಕಾಶಕ್ಕೆ. ಗೋಡೆ ಹಾರಿದೆ. ನನ್ನ ಮೋಟಾರ್ ಸೈಕಲ್ ಹುಣಸೆಯ ನೆರಳಲ್ಲಿತ್ತು. ಒಂದು ಒದೆ, ಎರಡು ಒದೆ... ಮೂರನೆಯದಕ್ಕೆ ಜೀವ ಬಂತು.

ಕಬ್ಬಿನ ನಡುವಿನ ಕೆಂಪು ಮಣ್ಣಿನ ದಾರಿ. ಹಿಂದೆ ಎರಡು ಮೋಟಾರ್ ಸೈಕಲ್‌ಗಳ ಆರ್ಭಟ. ಕನ್ನಡಿಯಲ್ಲಿ ಧೂಳು, ಧೂಳಿನಲ್ಲಿ ರಾದಾಮೆಸನ ಹಳದಿ ಅಂಗಿ. ಮುಂದೆ ಸಿಳ್ಳೆ ಕೇಳಿತು. ಕಬ್ಬಿನ ರೈಲು! ಗಾಡಿ ಗಾಡಿ ಕಬ್ಬು ಹೇರಿಕೊಂಡು, ಬಸುರಿ ಎಮ್ಮೆಯ ನಡಿಗೆಯಲ್ಲಿ ಹಳಿಯ ಮೇಲೆ ಬರುತ್ತಿತ್ತು. ಹಳಿ ದಾಟಲು ನನಗಿದ್ದುದು ನಾಲ್ಕು ಮಾರು. ತಾಯಿಯ ಹೆಸರು ಹೇಳಿ ಕಣ್ಣು ಮುಚ್ಚಿದೆ. ಎಂಜಿನ್ನಿನ ಬಿಸಿ ಬೆನ್ನಿಗೆ ಬಡಿಯಿತು.

ಕಣ್ಣು ಬಿಟ್ಟಾಗ ನಾನು ಈಚೆ, ಅವರು ಆಚೆ. ನಡುವೆ ನಲವತ್ತು ಗಾಡಿ ಕಬ್ಬು.

"ಬಾರೋ, ನಿನ್ನ ಲ್ಯಾಟಿನ್ ಬಿಡಿಸ್ತೀನಿ!" ಎಂದು ಆಚೆಯಿಂದ ಕೂಗು ಬಂತು.

ಮೈದಾನಕ್ಕೆ ನೇರ ಹೋಗಬಹುದಿತ್ತು. ಹೋಗಿ ಏನು ಹೇಳಲಿ? ನನ್ನ ಮಾತಿಗೆ ಸಾಕ್ಷಿ ಬೇಕು. ಸಾಕ್ಷಿ ಒಬ್ಬಳೇ.

ದೋನ್ಯಾ ಎರ್ಮೀನಿಯಾ ಹಳಿಯ ಈಚೆಗಿದ್ದ ತನ್ನ ಮನೆಯ ಮುಂದೆ ಬಾಳೆಕಾಯಿ ಸುಲಿಯುತ್ತಿದ್ದಳು. ತೆಂಗಿನ ತಾಯಿ ನನ್ನ ಎದೆಮಟ್ಟಕ್ಕಿದ್ದಳು!

"ಬನ್ನಿ ಪಾದ್ರಿಗಳೇ. ಕಾಫಿ ಕುಡೀತೀರಾ?"

"ಹೊತ್ತಿಲ್ಲಮ್ಮ."

ಚಾಕು ನಿಂತಿತು. "ಕಾಫಿಗೆ ಹೊತ್ತಿಲ್ಲ ಅನ್ನೋನು ಸಾವಿನ ಸುದ್ದಿ ತಂದಿರ್ತಾನೆ. ಯಾರು?"

"ಸಿಲ್ವೆರಿಯೊ..."

ಚಾಕು ಬಿತ್ತು. ಬಾಳೆಕಾಯಿ ಬಿತ್ತು. "ನನ್ನ ಮಗ! ನನ್ನ ಮಗನಿಗೇನಾಯ್ತು?"

"ಅವನಲ್ಲಮ್ಮ, ಅವನಲ್ಲ! ಮೊದಲ್ನೇವನು."

ಕೋಳಿಯೊಂದು ಬಂದು ಬಾಳೆಸಿಪ್ಪೆ ಕುಕ್ಕಿತು. ಅವಳು ಓಡಿಸಲಿಲ್ಲ.

"ಅವನ ಸುದ್ದಿ ನಿಮಗ್ಯಾರು ಹೇಳಿದ್ರು?"

"ಶಿಲುಬೆ ನೋಡ್ದೆ."

"ನಾನು ಯಾರಿಗೂ ಹೇಳಿಲ್ಲ. ಹಾಲುಗೂಸು ಸತ್ರೆ ಅಳಬಾರ್ದು, ಹಾಡ್ಬೇಕು ಅಂದ್ರು ನಮ್ಮತ್ತೆ. ತಾಯಿ ಅತ್ರೆ ಕೂಸಿನ ರೆಕ್ಕೆ ನೆನೆದುಬಿಡುತ್ತೆ, ಮೇಲಕ್ಕೆ ಹಾರೋಕಾಗಲ್ಲ ಅಂತ. ಹಾಡ್ದೆ. ಎಲ್ಲರ ಜೊತೆ ಕೂತು ಬೆಳಗಾಗೋವರ್ಗೂ ಹಾಡ್ದೆ. ಇಪ್ಪತ್ತು ವರ್ಷ ಆಯ್ತು... ಮಾತೆತ್ತಿದ್ರೆ ಎಲ್ಲಿ ಅಳು ಬರುತ್ತೋ ಅಂತ ಬಾಯಿ ಕಟ್ಕೊಂಡೆ. ಎರಡ್ನೇದೂ ಗಂಡಾಯ್ತು. ಅಜ್ಜನ ಹೆಸ್ರು, ಅದನ್ನೇ ಇಟ್ರು. ಯಾಕೆ ಕೇಳ್ತೀರಿ?"

ಹೇಳಿದೆ. ಎಲ್ಲವನ್ನೂ. ಆಸ್ಪತ್ರೆಯ ಪುಸ್ತಕ, ಇನ್ನೂರು ಹೆಜ್ಜೆ, ತೊಡೆಯ ಮೇಲಿನ ಕಾಗದ. ದೂರದಲ್ಲಿ ರೈಲಿನ ಕೊನೆಯ ಗಾಡಿ ಸಾಗುವ ಸದ್ದು ಕೇಳುತ್ತಿತ್ತು.

"ಇನ್ನೂರು ಹೆಜ್ಜೆ," ಎಂದಳು. "ಯಾಕೆ ಹೋಗ್ಲಿಲ್ಲ?"

"ರೇಡಿಯೋದಲ್ಲಿ... ಕೊನೇ ಆಟ ಬರ್ತಿತ್ತು."

"ಯಾರು ಗೆದ್ರು?"

ಯಾರು ಗೆದ್ದರೆಂದು ನನಗೆ ನೆನಪಿರಲಿಲ್ಲ!

ಗುರುಮಠದಲ್ಲಿ ನರಕದ ಬಗೆಗೆ ಸಾಕಷ್ಟು ಓದಿದ್ದೇನೆ. ಅದರ ಬಾಗಿಲಲ್ಲಿ ನನ್ನನ್ನು ಕೇಳುವ ಪ್ರಶ್ನೆ ಅದೇ ಇರಬೇಕು.

ಅವಳು ತಲೆವಸ್ತ್ರ ಬಿಗಿದು ಕಟ್ಟಿದಳು. ಮೋಟಾರ್ ಸೈಕಲ್ ಹಿಂದೆ ಹತ್ತಿ ಕುಳಿತಳು. "ನಡೀರಿ. ಬೀಳಿಸ್ಬೇಡಿ. ನಿಮ್ಮಂಥೋರ ಕೈಲಿ ಸಾಯೋ ಮನಸ್ಸಿಲ್ಲ."

ನಾವು ಮೈದಾನದ ತಂತಿಬೇಲಿಗೆ ಮುಟ್ಟಿದಾಗ ಹನ್ನೊಂದು ಮೀರಿತ್ತು. ಯೋಚನೆ ಏನೋ ಚೆನ್ನಾಗಿಯೇ ಇತ್ತು: ಕಾಂದೀದೊನನ್ನು ಪಕ್ಕಕ್ಕೆ ಕರೆಯುವುದು, ಕಿವಿಯಲ್ಲಿ ಹೇಳುವುದು, ಹುಡುಗ ದಿಬ್ಬ ಹತ್ತುವ ಮೊದಲೇ ಕಾಗದ ಹಿಂತೆಗೆಸುವುದು. ತಡವಾಗಿತ್ತು.

ತೆಂಗು ಆಗಲೇ ಎಸೆಯುತ್ತಿದ್ದ.

ಕಾಂದೀದೊ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ವೇಗ ಅಳೆಯುವ ಯಂತ್ರವನ್ನು ಹಿಡಿದಿದ್ದ. ರಾದಾಮೆಸ್ ಮೊದಲೇ ಕಳಿಸಿದ್ದ ಹೊಸೆಲೀನನ ವಿವರದ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಚೆಂಡು ಕ್ಯಾಚರನ ಕೈಗೆ ಬಿದ್ದಾಗ ಬಂದ ಸದ್ದು ಬಂದೂಕಿನದು.

ತೊಂಬತ್ತೆಂಟು!

ಹದಿನಾರು ತಿಂಗಳಲ್ಲಿ ಆ ಹುಡುಗ ಬೇರೆಯೇ ಆಗಿದ್ದ. ಕೈ ಕಾಲು ಒಂದೇ ಊರಿಗೆ ಹೊರಟಿದ್ದವು. ಎಡಗಾಲು ಮೇಲೇಳುವುದು, ಸೊಂಟ ತಿರುಗುವುದು, ಆ ಉದ್ದ ತೋಳು ಕೊನೆಗೆ ಚಾವಟಿಯಂತೆ ಬೀಸುವುದು... ಎಲ್ಲ ಒಂದೇ ಉಸಿರು. ಬಹಿಷ್ಕಾರದ ವರ್ಷದಲ್ಲಿ ಅವನು ಬೇರೇನು ಮಾಡಬೇಕಿತ್ತು? ಮಾವಿನ ಕೊಂಬೆಗೆ ಟೈರು ಕಟ್ಟಿ, ಅದರ ತೂತಿನೊಳಗೆ ಎಸೆದಿದ್ದ. ದಿನಕ್ಕೆ ಇಷ್ಟೆಂದಲ್ಲ, ಸಿಟ್ಟು ಆರುವವರೆಗೆ.

ಅವನು ಚೆಂಡಿಗಾಗಿ ಇತ್ತ ತಿರುಗಿದ. ಬೇಲಿಯ ಬಳಿ ತಾಯಿಯನ್ನು ಕಂಡ.

ನಮ್ಮಲ್ಲಿ ಒಂದು ರೂಢಿ. ತಾಯಿ ಕಣ್ಣಿಗೆ ಬಿದ್ದ ಕೂಡಲೇ ಆಶೀರ್ವಾದ ಕೇಳಬೇಕು. ಹಾದಿಯಲ್ಲಾಗಲಿ, ಜಗಳದಲ್ಲಾಗಲಿ, ಸೆರೆಮನೆಯ ಕಂಬಿಯ ಹಿಂದಾಗಲಿ. ಅದನ್ನು ಯೋಚಿಸಿ ಹೇಳುವುದಲ್ಲ. ಸೀನಿದ ಹಾಗೆ, ತಾನಾಗಿ ಬರುತ್ತದೆ. ತಾಯಿ ಕಂಡರೂ ಕಾಣದಂತಿರು ಎಂದು ರಾದಾಮೆಸ್ ವಾರಗಟ್ಟಲೆ ತಿದ್ದಿದ್ದನಂತೆ. ಹದಿನೇಳು ವರ್ಷದ ಬಾಯಿ ವಾರದ ಪಾಠಕ್ಕೆ ಬಗ್ಗುತ್ತದೆಯೇ?

"ಆಶೀರ್ವಾದ, ಅಮ್ಮಾ!"

ಮೈದಾನವೆಲ್ಲ ಕೇಳಿತು.

ಕೈಗವಸಿನಿಂದ ಬಾಯಿ ಮುಚ್ಚಿಕೊಂಡ. ಬಿದ್ದ ಮಾತು ಬಿದ್ದಿತ್ತು. ಎರ್ಮೀನಿಯಾ ನನ್ನ ಮುಖ ನೋಡಿದಳು. ಉತ್ತರಿಸಿದರೆ ಮಗ ಕೆಟ್ಟ. ಉತ್ತರಿಸದಿದ್ದರೆ... ಆಶೀರ್ವಾದ ಕೇಳಿದ ಮಗನಿಗೆ ಬೆನ್ನು ತಿರುಗಿಸಿದ ತಾಯಿ ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

"ದೇವ್ರು ಕಾಪಾಡ್ಲಿ, ಮಗನೇ," ಎಂದಳು ಮೆಲ್ಲಗೆ.

ಕಾಂದೀದೊ ಜೇಬಿನಿಂದ ಕಾಗದ ತೆಗೆದ. ಕನ್ನಡಕ ಏರಿಸಿದ.

"ಹೊಸೆಲೀನನ ತಾಯಿ ನಾಗ್ವಾದಲ್ಲಿ ಮೀನು ಮಾರ್ತಾಳೆ ಅಂತಿದೆ ಇದ್ರಲ್ಲಿ." ಕತ್ತೆತ್ತಿದ. "ಈಯಮ್ಮ ಯಾರಪ್ಪಾ?"

ಆಗಲೇ ರಾದಾಮೆಸನ ಮೋಟಾರ್ ಸೈಕಲ್‌ಗಳು ಬಂದು ನಿಂತವು. ಅವನು ಒಂದೇ ನೋಟಕ್ಕೆ ಎಲ್ಲವನ್ನೂ ಅರಿತ. ಪಿಸ್ತೂಲಿಗೆ ಹೋದ ಕೈ ಅರ್ಧದಲ್ಲೇ ನಿಂತಿತು.

"ಎಸೆಯೋ ರೀತಿ ಬೇರೆ ಆಗಿ ಗುರುತು ಹತ್ಲಿಲ್ಲ. ಇದೇ ಬೆರಳು, ಇದೇ ಎತ್ತರ. ನೀನು ಸಿಲ್ವೆರಿಯೊ ಅಲ್ವಾ?" ಎಂದ ಕಾಂದೀದೊ. "ಒಂದು ಸಲ ಮೋಸ ಮಾಡಿ ಬುದ್ಧಿ ಬರ್ಲಿಲ್ಲ. ಎರಡ್ನೇ ಸಲಕ್ಕೆ ಏನು ಶಿಕ್ಷೆ ಗೊತ್ತಾ, ಮರಿ?"

"ಗೊತ್ತು, ಯಜಮಾನ್ರೇ."

"ಜೀವ ಇರೋವರ್ಗೂ."

"ಗೊತ್ತು."

ಕಾಂದೀದೊ ಯಂತ್ರವನ್ನು ಚೀಲಕ್ಕೆ ಹಾಕತೊಡಗಿದ.

ಇಲ್ಲಿ ನಿಲ್ಲಿ. ಇಲ್ಲಿಂದ ನನ್ನನ್ನು ಚೆನ್ನಾಗಿ ನೋಡಿ.

ನಾನು ಸುಮ್ಮನಿದ್ದಿದ್ದರೆ ನನ್ನ ಹಳೆಯ ವರದಿ ಸರಿಯಾಗಿಬಿಡುತ್ತಿತ್ತು. ಹುಡುಗ ಮೋಸಗಾರ, ಎಲ್ಲರ ಕಣ್ಣೆದುರು ಸಿಕ್ಕಿಬಿದ್ದ. ಶಿಲುಬೆಯ ವಿಚಾರ ಯಾರಿಗೆ ಬೇಕು? ಪಾದ್ರಿಯ ಕಣ್ಣು ಹದ್ದಿನ ಕಣ್ಣು ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡರೆ ಸಾಕಿತ್ತು.

ಮೂರು ಉಸಿರಿನಷ್ಟು ಹೊತ್ತು ಮುಚ್ಚಿಕೊಂಡಿದ್ದೆ.

ಆ ಮೂರು ಉಸಿರನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ತಾಯಿ ಮಾತ್ರ ಪಕ್ಕದಲ್ಲೇ ನಿಂತು, ನನ್ನ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು.

"ಕಾಂದೀದೊ," ಎಂದೆ. "ಮೋಸ ಮಾಡಿದ್ದು ಅವನಲ್ಲ. ನಾನು."

"ಜೋರಾಗಿ ಹೇಳು. ಕಿವಿ ಮಂದ."

"ಮೋಸ ಮಾಡಿದ್ದು ನಾನು!"

ಹೇಳಿದೆ. ಕ್ಯಾಚರ್ ಮುಖವಾಡ ತೆಗೆದು ಕೇಳಿದ. ಬೇಲಿಯಾಚೆ ಐಸ್ ಮಾರುವವನು ಗಾಡಿ ನಿಲ್ಲಿಸಿ ಕೇಳಿದ. ತೆಂಗು ದಿಬ್ಬದ ಮೇಲೆ ಅಲುಗದೆ ನಿಂತಿದ್ದ. ಅಣ್ಣನೊಬ್ಬನಿದ್ದ ಎಂಬುದನ್ನು ಆ ಹುಡುಗ ಕೇಳಿದ್ದು ಅದೇ ಮೊದಲು. ನನ್ನ ಬಾಯಿಂದ! ಅದೂ ನನ್ನ ಲೆಕ್ಕಕ್ಕೇ ಸೇರಲಿ.

ಎರ್ಮೀನಿಯಾ ಮುಂದೆ ಬಂದಳು. "ಹೌದು," ಎಂದಳು. "ಹನ್ನೊಂದು ದಿನ ಇದ್ದ. ಹಾಲು ಚೆನ್ನಾಗಿ ಕುಡೀತಿದ್ದ." ಇಪ್ಪತ್ತು ವರ್ಷದ ಬಳಿಕ ಆಡಿದ ಮಾತು ಅಷ್ಟೇ. ಅಳಲಿಲ್ಲ. ತುಟಿ ಕಚ್ಚಿ, ಆಕಾಶ ನೋಡುತ್ತ ನಿಂತಳು. ರೆಕ್ಕೆ ನೆನೆಯಬಾರದಲ್ಲ.

ಕಾಂದೀದೊ ಹೊಸೆಲೀನನ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಕುರ್ಚಿಯ ಕುಂಟು ಕಾಲಿನಡಿ ತುರುಕಿದ.

"ನನಗೆ ಯಾವ ಕಾಗದಾನೂ ಬಂದಿಲ್ಲ. ರಾದಾಮೆಸ್, ನೀನೇನಾದ್ರೂ ಕೊಟ್ಟಿದ್ಯಾ?"

"ಇಲ್ಲ ಯಜಮಾನ್ರೇ," ಎಂದ ರಾದಾಮೆಸ್. ಹೆಂಗಸಿನ ಮುಖ ನೋಡಲಾರದೆ ಟೋಪಿ ಕೈಗೆ ತೆಗೆದುಕೊಂಡಿದ್ದ. "ನಾನು... ಮೈದಾನ ಗುಡಿಸೋಕೆ ಬಂದೆ."

"ಪಾದ್ರಿ, ನೀನು ಕೂತ್ಕೊಂಡು ಬರಿ. ಈಗ್ಲೇ, ಇಲ್ಲೇ. ಬಿಯರು ಕುಡಿದಿದ್ದನ್ನೂ ಬರಿ. ಆಮೇಲೆ ಆ ಶಿಲುಬೆ ಹತ್ರ ನಾನೇ ಹೋಗಿ ನೋಡ್ತೀನಿ. ನಿನ್ನ ಮಾತ್ನ ಇನ್ನು ನಂಬೋದಿಲ್ಲ."

ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಕಾಗದವಿಟ್ಟು ಬರೆದೆ. ಅದೇ ತೊಡೆ, ಅದೇ ಕೈ. ಕಾಂದೀದೊ ಗಟ್ಟಿಯಾಗಿ ಓದಿದ.

"ಇನ್ನೊಂದ್ ಸಲ ಓದಿ," ಎಂದ ತೆಂಗು. "ಇನ್ನೂರು ಹೆಜ್ಜೆ ಅನ್ನೋದು ಅಮ್ಮಂಗೆ ಕೇಳಿಸಿರ್ಲಿಕ್ಕಿಲ್ಲ."

ಮತ್ತೆ ಓದಿದ.

"ಮೂರು ಚೆಂಡು ಬಾಕಿ ಇದೆ," ಎಂದ ಕಾಂದೀದೊ, ಯಂತ್ರವನ್ನು ಹೊರತೆಗೆದು. "ಎದುರಿಗೆ ಮನುಷ್ಯ ನಿಂತಿದ್ದಾಗ ಎಸೆತಗಾರನ ಗುರಿ ಏನಾಗುತ್ತೆ ಅಂತ ನೋಡ್ಬೇಕು. ಪಾದ್ರಿ, ಬ್ಯಾಟು ಹಿಡಿದು ನಿಂತ್ಕೋ."

"ನಾನಾ?"

"ಇನ್ನ್ಯಾರು, ನಿನ್ನ ಪೋಪಾ?"

ನಿಂತೆ.

ಅರವತ್ತು ಅಡಿ ದೂರದಲ್ಲಿ ಆ ಹುಡುಗ. ದಿಬ್ಬದ ಮೇಲೆ ನಿಂತು ಇನ್ನೂ ಎತ್ತರವಾಗಿ ಕಂಡ. ಅವನ ಕೈಯಲ್ಲಿ ಚೆಂಡು ನಿಂಬೆಹಣ್ಣಿನಷ್ಟಿತ್ತು. ತೊಂಬತ್ತೆಂಟು ಮೈಲಿ ವೇಗದಲ್ಲಿ ಬಂದು ಪಕ್ಕೆಗೆ ಬಡಿದರೆ ಮೂಳೆ ಮುರಿಯುತ್ತದೆ. ಕಿವಿಯ ಮೇಲೆ ಬಡಿದರೆ ಪ್ರಶ್ನೆಗಳೆಲ್ಲ ಮುಗಿಯುತ್ತವೆ. ಕಳೆದ ವರ್ಷದ ತೆಂಗಾಗಿದ್ದರೆ ತಪ್ಪಿ ಬಡಿಯುತ್ತಿತ್ತು. ಇಂದು ಬಡಿದರೆ ಅದು ತಪ್ಪಲ್ಲ.

ಬಡಿಯಲಿ ಎಂದು ಬೇಡಿಕೊಂಡೆ. ದೇವರಾಣೆ!

ಮೊದಲನೆಯದು ಎದೆಯ ಮುಂದೆ ಸೀಳಿಕೊಂಡು ಹೋಯಿತು. ಗುಂಡಿಗಳು ಅದುರಿದವು. ಗುರಿಯ ಒಳಗೆ.

ಎರಡನೆಯದು ಮಂಡಿಯ ಬಳಿ. ಗುರಿಯ ಒಳಗೆ.

ಮೂರನೆಯದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ನನ್ನ ಕಣ್ಣನ್ನೇ ನೋಡಿದ. ಕಾಲು ಎತ್ತಿದ. ಬ್ಯಾಟು ಕೆಳಗಿಳಿಸಿ, ಕತ್ತು ಮುಂದೆ ಚಾಚಿದೆ.

ಸದ್ದು ಹಿಂದಿನಿಂದ ಬಂತು. ಕ್ಯಾಚರನ ಕೈಯಲ್ಲಿ ಹೊಗೆಯೊಂದು ಕಾಣಬೇಕಿತ್ತು. ಗುರಿಯ ನಟ್ಟನಡುವೆ.

"ನೂರು," ಎಂದ ಕಾಂದೀದೊ. ಇನ್ನೊಮ್ಮೆ ಯಂತ್ರ ನೋಡಿದ. "ನೂರು!"

ಹುಡುಗ ನನಗೆ ಹೊಡೆಯಲಿಲ್ಲ. ಶಿಕ್ಷೆ ಅದೇ.

ದಿಬ್ಬದಿಂದ ಇಳಿದು ನನ್ನ ಮುಂದೆ ಬಂದು ನಿಂತ. ನಾನು ಕತ್ತೆತ್ತಬೇಕಾಯಿತು.

"ಪಾದ್ರಿಗಳೇ, ಆ ಸಾಲು ನನ್ನ ವರದಿಗೆ ಮಾತ್ರ ಬರೆದಿದ್ರಾ?"

"ಯಾವ ಸಾಲು?"

"'ಸ್ಮಶಾನವನ್ನು ಪರಿಶೀಲಿಸಲಾಯಿತು.'"

ಇಷ್ಟು ಹೊತ್ತು ಯಾರೂ ಕೇಳದಿದ್ದುದನ್ನು ಅವನು ಕೇಳಿದ. ಕಾಂದೀದೊ ಕೇಳಲಿಲ್ಲ, ಕಚೇರಿ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಇಲ್ಲ," ಎಂದೆ.

"ಇನ್ನೆಷ್ಟು ಹುಡುಗ್ರಿಗೆ?"

"ನಲವತ್ತೊಂದು."

"ಅಷ್ಟು ಜನ ಇದ್ರೆ," ಎಂದ ಸಿಲ್ವೆರಿಯೊ ಬತಿಸ್ತಾ, ಸಿಟ್ಟಿಲ್ಲದೆ, ದಾರಿ ಕೇಳಿದವನಿಗೆ ದಾರಿ ತೋರಿಸುವಂತೆ, "ನೀವಿನ್ನೂ ಇಲ್ಲೇ ಯಾಕೆ ನಿಂತಿದೀರಿ?"

ಕಚೇರಿ ತಪ್ಪನ್ನು ಒಪ್ಪಲು ಐದು ತಿಂಗಳು ತೆಗೆದುಕೊಂಡಿತು. ನನ್ನನ್ನು ಹೊರಹಾಕಲು ಐದು ನಿಮಿಷ. ಹುಡುಗ ಈಗ ಉತ್ತರದಲ್ಲಿದ್ದಾನೆ. ಎರಡನೆಯ ಬಗೆಯ ಎಸೆತವೊಂದನ್ನು ಕಲಿಯುತ್ತಿದ್ದಾನಂತೆ. ನಿಧಾನವಾದದ್ದು, ಕೊನೆಗೆ ಮುಳುಗುವಂಥದ್ದು. ಅವನ ಅಂಗಿಯ ಬೆನ್ನಿನ ಮೇಲೆ ಅವನ ಹೆಸರೇ ಇದೆ.

ನಾನು ಕೇರಿಯಿಂದ ಕೇರಿಗೆ ಹೋಗುತ್ತಿದ್ದೇನೆ. ಹತ್ತೊಂಬತ್ತು ಸ್ಮಶಾನ ಮುಗಿಯಿತು. ಮೂರು ಪುಟ್ಟ ಶಿಲುಬೆಗಳು ಸಿಕ್ಕಿವೆ. ಒಬ್ಬ ಹುಡುಗ ಕಬ್ಬು ಕಡಿಯುತ್ತಿದ್ದಾನೆ. ಒಬ್ಬ ಕಡಲತೀರದ ಹೋಟೆಲಿನಲ್ಲಿ ವಿದೇಶಿಯರ ಪೆಟ್ಟಿಗೆ ಹೊರುತ್ತಾನೆ. ಅವನ ಎಡಗೈ ಎಸೆತವನ್ನು ಊರು ಇನ್ನೂ ಮರೆತಿಲ್ಲ. ಮೂರನೆಯವನ ತಾಯಿ ನನ್ನನ್ನು ಕೂರಿಸಿ ಊಟ ಬಡಿಸಿದಳು. ಮಗನೆಲ್ಲಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಮತ್ತೆ ಕುಳಿತೆ... ಆಮೇಲೆ ಕೇಳಿದೆ. ಅವಳು ಕಡಲಿನ ಕಡೆಗೆ ಕೈ ತೋರಿಸಿದಳು.

ಇಷ್ಟು ಕೇಳಿದ ನಿಮಗೆಲ್ಲ ಒಳಿತಾಗಲಿ. ನಿಮ್ಮ ಮಕ್ಕಳು ನಿಮ್ಮ ಕಣ್ಣ ಮುಂದೆಯೇ ಎತ್ತರಕ್ಕೆ ಬೆಳೆಯಲಿ. ಅವರ ತೋಳಿಗೆ ಬಲವೂ ಮಾತಿಗೆ ಬೆಲೆಯೂ ಬರಲಿ. ಅವರ ಹುಟ್ಟನ್ನು ವಿಚಾರಿಸಲು ನಿಮ್ಮ ಬಾಗಿಲಿಗೆ ಬರುವವನು ನನಗಿಂತ ಒಳ್ಳೆಯವನಾಗಿರಲಿ.

ಅದೇನು ದೇವರಿಗೆ ದೊಡ್ಡ ವರವಲ್ಲ!